ಗಾಜಿನ ಗೋಡೆಯ ಬಂಧನ ಮತ್ತು ಶ್ರಾವಕನ ಹೊಣೆ

ರಬಕವಿ-ಬನಹಟ್ಟಿಗೆ ಸಮೀಪದ ತೇರದಾಳದಲ್ಲಿ ಮಾಂಡಲಿಕ ಗೊಂಕನು 12ನೆಯ ಶತಮಾನದಲ್ಲಿ ಕಟ್ಟಿಸಿದ ಜಿನಾಲಯವು ಭಗವಾನ್ ನೇಮಿನಾಥ ಸ್ವಾಮಿಗೆ ಮೀಸಲಾದುದು. ಆ ತೀರ್ಥಂಕರನ ವೈರಾಗ್ಯದ ಪ್ರಸಂಗವನ್ನು ಅರಿಯದ ಜೈನ ಮನೆ ಈ ಸೀಮೆಯಲ್ಲಿಲ್ಲ. ರಾಜೀಮತಿಯ ಕೈಹಿಡಿಯಲು ಹೊರಟ ವರನು ದಾರಿಯಲ್ಲಿ ಕೂಡಿಹಾಕಿದ ಮೃಗಗಳ ಆಕ್ರಂದನವನ್ನು ಕೇಳಿದನು; ರಥವನ್ನು ತಿರುಗಿಸಿ ಊರ್ಜಯಂತ ಗಿರಿಯತ್ತ ನಡೆದನು. ಈ ಕಥೆಯಲ್ಲಿ ಒಂದು ಸೂಕ್ಷ್ಮವಿದೆ. ನೇಮಿಕುಮಾರನು ಕಂಡದ್ದು ವಧೆಯನ್ನಲ್ಲ. ಕತ್ತಿ ಇನ್ನೂ ಮೇಲೇಳದಿದ್ದಾಗ, ರಕ್ತದ ಒಂದು ಹನಿಯೂ ನೆಲಕ್ಕೆ ಬೀಳದಿದ್ದಾಗ, ಬೇಲಿಯೊಳಗಿನ ಬಂಧನವನ್ನು ಕಂಡೇ ಅವನ ಹೃದಯ ಕರಗಿತು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜೈನ ಕುಟುಂಬಗಳು ಆಹಾರದ ವಿಷಯದಲ್ಲಿ ತೋರುವ ಎಚ್ಚರಿಕೆ ಪ್ರಶಂಸನೀಯವಾದುದು. ನೀರನ್ನು ಸೋಸದೆ ಕುಡಿಯದವರು, ಸೂರ್ಯಾಸ್ತದ ನಂತರ ಅನ್ನ ಮುಟ್ಟದವರು, ಗಡ್ಡೆಗೆಣಸುಗಳನ್ನು ತ್ಯಜಿಸಿದವರು ಇಂದಿಗೂ ಕಡಿಮೆಯಿಲ್ಲ. ಆದರೆ ಇದೇ ಕುಟುಂಬಗಳು ರಜೆಯಲ್ಲಿ ದೂರದ ಪ್ರವಾಸ ಹೊರಟಾಗ, ಜೈನ ಭೋಜನದ ವ್ಯವಸ್ಥೆಯಿದೆಯೇ ಎಂದು ಪ್ರವಾಸ ಸಂಸ್ಥೆಯನ್ನು ಎರಡೆರಡು ಸಲ ವಿಚಾರಿಸುತ್ತವೆಯೇ ಹೊರತು, ಅದೇ ಪ್ರವಾಸದ ಪಟ್ಟಿಯಲ್ಲಿರುವ ಡಾಲ್ಫಿನ್ ಪ್ರದರ್ಶನದ ಬಗ್ಗೆ ಒಂದು ಮಾತನ್ನೂ ಕೇಳುವುದಿಲ್ಲ. ಮಧ್ಯಾಹ್ನ ಬೆಳ್ಳುಳ್ಳಿಯಿಲ್ಲದ ಊಟ, ಸಂಜೆ ಸೆರೆಯಾಳುಗಳ ಕುಣಿತಕ್ಕೆ ಚಪ್ಪಾಳೆ. ಈ ವೈರುಧ್ಯ ಯಾರ ಕಣ್ಣಿಗೂ ಬೀಳದಿರುವುದೇ ಆಶ್ಚರ್ಯ.

ಅಹಿಂಸಾಣುವ್ರತಕ್ಕೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ. ಪ್ರಾಣಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿದ ಭಾರ ಹೇರುವುದು, ಅನ್ನನೀರನ್ನು ತಡೆಯುವುದು. ಈ ಐದರಲ್ಲಿ ಮೊದಲನೆಯದು ಬಂಧ. ಜೀವಿಯ ಇಚ್ಛಾಗಮನಕ್ಕೆ ಅಡ್ಡಿಯೊಡ್ಡುವುದೇ ವ್ರತಭಂಗದ ಮೊದಲ ಮೆಟ್ಟಿಲೆಂದು ಶಾಸ್ತ್ರವು ಗುರುತಿಸಿರುವುದು ಗಮನಾರ್ಹ. ಪ್ರೇಕ್ಷಕನು ತಾನು ಯಾವ ಪ್ರಾಣಿಯನ್ನೂ ಹಿಡಿದಿಲ್ಲವೆಂದು ಸಮಾಧಾನ ಪಟ್ಟುಕೊಳ್ಳಬಹುದು. ಆದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಿಂದಲೂ ಕರ್ಮವು ಒಳಬರುತ್ತದೆ. ಚೀಟಿ ಕೊಂಡವನು ಕಾರಿತದ ಬಾಗಿಲನ್ನೂ, ಚಪ್ಪಾಳೆ ತಟ್ಟಿದವನು ಅನುಮೋದನೆಯ ಬಾಗಿಲನ್ನೂ ತೆರೆದಂತಾಯಿತು.

ಕಡಲ ತೀರದ ಈ ಉದ್ಯಮದ ಚರಿತ್ರೆಯನ್ನು ತಿಳಿಯುವುದು ಉಚಿತ. ಅಮೆರಿಕದ ಫ್ಲೋರಿಡಾ ಕರಾವಳಿಯಲ್ಲಿ 1938ರ ಜೂನ್ 23ರಂದು 'ಮರೀನ್ ಸ್ಟುಡಿಯೋಸ್' ಎಂಬ ಸಂಸ್ಥೆ ಬಾಗಿಲು ತೆರೆಯಿತು. ನೀರಿನೊಳಗಿನ ದೃಶ್ಯಗಳನ್ನು ಚಲನಚಿತ್ರಗಳಿಗಾಗಿ ಸೆರೆಹಿಡಿಯಲು ಕಟ್ಟಿದ ಬೃಹತ್ ಕೊಳಗಳು ಅವು. ನೋಡಲು ಬಂದ ಜನಸಂದಣಿಯೇ ಆದಾಯದ ಮೂಲವಾಗಿ, ಮುಂದೆ 'ಮರೀನ್‌ಲ್ಯಾಂಡ್' ಎಂಬ ಹೆಸರು ನಿಂತಿತು. ಸ್ಥಾಪಕರಲ್ಲೊಬ್ಬನು ಇಲ್ಯಾ ಟಾಲ್‌ಸ್ಟಾಯ್. ಮಾಂಸಾಹಾರವನ್ನು ತೊರೆದು ಅಹಿಂಸೆಯನ್ನು ಪ್ರತಿಪಾದಿಸಿದ, ಗಾಂಧೀಜಿಯವರ ಮೇಲೆ ಗಾಢ ಪ್ರಭಾವ ಬೀರಿದ ಲಿಯೋ ಟಾಲ್‌ಸ್ಟಾಯ್‌ನ ಮೊಮ್ಮಗ. ಅಜ್ಜನ ತತ್ತ್ವ ಊಟದ ತಟ್ಟೆಯಲ್ಲೇ ನಿಂತುಬಿಟ್ಟರೆ ಮೊಮ್ಮಗನ ಕಾಲಕ್ಕೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ಮರೀನ್‌ಲ್ಯಾಂಡ್‌ನಲ್ಲಿ 1953ರಲ್ಲಿ ಜನಿಸಿದ ನೆಲ್ಲಿ ಎಂಬ ಡಾಲ್ಫಿನ್ 2014ರಲ್ಲಿ, 61ನೆಯ ವಯಸ್ಸಿನಲ್ಲಿ ಕೊನೆಯುಸಿರೆಳೆಯಿತು. ಸೆರೆಯಲ್ಲಿಯೂ ಪ್ರಾಣಿಗಳು ಸುಖವಾಗಿ ಬಾಳುತ್ತವೆ ಎನ್ನುವವರು ನೆಲ್ಲಿಯ ಕಡೆ ಬೆರಳು ತೋರಿಸುತ್ತಾರೆ. ಆದರೆ ಆಯುಷ್ಯದ ಉದ್ದವು ಸುಖದ ಅಳತೆಗೋಲಲ್ಲ. ಹಾಗಿದ್ದರೆ ಜೀವಾವಧಿ ಶಿಕ್ಷೆಯನ್ನು ಯಾರೂ ಶಿಕ್ಷೆಯೆನ್ನುತ್ತಿರಲಿಲ್ಲ. 1970ರ ಆಗಸ್ಟ್‌ನಲ್ಲಿ ಅಮೆರಿಕದ ವಾಯವ್ಯ ಕರಾವಳಿಯ ಪೆನ್ ಕೋವ್ ಕೊಲ್ಲಿಯಲ್ಲಿ ಓರ್ಕಾ ತಿಮಿಂಗಿಲಗಳ ಹಿಂಡನ್ನು ಅಟ್ಟಿಸಿಕೊಂಡು ಹೋಗಿ, ಎಳೆಯವನ್ನು ತಾಯಂದಿರಿಂದ ಅಗಲಿಸಿ ಮಾರಲಾಯಿತು. ಅವುಗಳಲ್ಲೊಂದಾದ ಟೋಕಿಟೇ, ಮಯಾಮಿಯ ಕಡಲ ಉದ್ಯಾನದಲ್ಲಿ 80 ಅಡಿ ಉದ್ದ, 35 ಅಡಿ ಅಗಲದ ಕೊಳದಲ್ಲಿ ಅರ್ಧ ಶತಮಾನವನ್ನು ಕಳೆಯಿತು. ಪ್ರಾಣಿಯ ಮೈಯುದ್ದವೇ ಸುಮಾರು 20 ಅಡಿ. ಹುಟ್ಟಿದ ಕಡಲಿಗೆ ಅದನ್ನು ಮರಳಿಸುವ ಯೋಜನೆ 2023ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಆಗಸ್ಟ್ 18ರಂದು ಅದು ಆ ಕೊಳದಲ್ಲಿಯೇ ಅಸುನೀಗಿತು.

ದಿನವೊಂದಕ್ಕೆ ಹತ್ತಾರು ಕಿಲೋಮೀಟರು ಸಂಚರಿಸುವ, ತಾನು ಹೊರಡಿಸಿದ ಧ್ವನಿಯ ಮಾರ್ದನಿಯಿಂದಲೇ ದಿಕ್ಕನ್ನೂ ಆಹಾರವನ್ನೂ ಬಂಧುಗಳನ್ನೂ ಅರಿಯುವ ಜೀವಿಗೆ ಗೋಡೆಯೆಂಬುದು ಕೇವಲ ಗೋಡೆಯಲ್ಲ. ಅದರ ಮಾತು ನಾಲ್ಕು ದಿಕ್ಕಿನಿಂದಲೂ ಅದಕ್ಕೇ ಮರಳಿ ಬಡಿಯುತ್ತದೆ. ಚೆಂಡಾಟ, ನೆಗೆತ, ನಮಸ್ಕಾರ ಮುಂತಾದ ವಿದ್ಯೆಗಳನ್ನು ಕಲಿಸುವ ಸಾಧನವೂ ಆಹಾರವೇ: ಆಡಿದರೆ ಮೀನು. ಹಸಿವನ್ನು ಆಜ್ಞೆಯ ಉಪಕರಣವಾಗಿಸುವುದು ಐದನೆಯ ಅತಿಚಾರಕ್ಕೆ ಎಷ್ಟು ದೂರ? ಆ ಮೀನಾದರೋ ದಿನಕ್ಕೆ ಹಲವು ಕಿಲೋ. ಪ್ರೇಕ್ಷಕನ ಹಣದಿಂದಲೇ ಕೊಂಡದ್ದು. ಮಾಂಸಾಹಾರಿ ಪ್ರಾಣಿಗಳನ್ನು ಲಾಭಕ್ಕಾಗಿ ಸಾಕುವುದನ್ನು 'ಅಸತೀಪೋಷ'ವೆಂದು ಕರೆದು ಶ್ರಾವಕಾಚಾರವು ಹದಿನೈದು ಖರಕರ್ಮಗಳ ಸಾಲಿಗೆ ಸೇರಿಸಿದೆ. ಕಡಲಿನಲ್ಲಿಯೂ ಡಾಲ್ಫಿನ್ ಮೀನನ್ನೇ ತಿನ್ನುತ್ತದೆ, ನಿಜ. ಆದರೆ ಅಲ್ಲಿ ಅದಕ್ಕೆ ಜೈನನೊಬ್ಬನ ಜೇಬಿನ ಹಣ ಬೇಕಾಗುವುದಿಲ್ಲ.

ಭಾರತಕ್ಕೂ ಈ ಹವ್ಯಾಸ ಹೊಸದಲ್ಲ. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಈ ಸೀಮೆಯೆಲ್ಲ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ 1951ರಲ್ಲಿ, ಮುಂಬಯಿಯ ಮರೀನ್ ಡ್ರೈವ್ ಕಡಲ ತೀರದಲ್ಲಿ ತಾರಾಪೋರವಾಲಾ ಮತ್ಸ್ಯಾಲಯವನ್ನು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಉದ್ಘಾಟಿಸಿದರು. ಪಾರಸಿ ದಾನಿಯೊಬ್ಬರ ಧನಸಹಾಯದಿಂದ ಎದ್ದ ಆ ಭವನಕ್ಕೆ ಅವರ ಹೆಸರನ್ನೇ ಇಡಲಾಯಿತು. ಬೆಂಗಳೂರಿನ ಕಬ್ಬನ್ ಉದ್ಯಾನದ ಮತ್ಸ್ಯಾಲಯ 1983ರದು. ಅದೇ ನಗರದ ರೈಲು ನಿಲ್ದಾಣದಲ್ಲಿ 2021ರ ಜುಲೈನಲ್ಲಿ ಸುರಂಗ ಮತ್ಸ್ಯಾಲಯವೊಂದು ಆರಂಭವಾಯಿತು. ಇವುಗಳಿಗಿಂತ ಘೋರವಾದುದು ಚೆನ್ನೈ ಸಮೀಪದ 'ಡಾಲ್ಫಿನ್ ಸಿಟಿ'ಯ ಪ್ರಕರಣ. 1990ರ ದಶಕದ ಕೊನೆಯಲ್ಲಿ ಬಲ್ಗೇರಿಯಾದಿಂದ ಅಲ್ಲಿಗೆ ತಂದ ಡಾಲ್ಫಿನ್‌ಗಳು ಕೆಲವೇ ತಿಂಗಳುಗಳಲ್ಲಿ ಒಂದೂ ಉಳಿಯದೆ ಸತ್ತವು. ಮುಂದೆ ಕೊಚ್ಚಿಯಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಅಂತಹುದೇ ಯೋಜನೆಗಳು ತಲೆಯೆತ್ತಿದಾಗ, ಕೇಂದ್ರ ಮೃಗಾಲಯ ಪ್ರಾಧಿಕಾರವು 2013ರ ಮೇ 17ರ ಸುತ್ತೋಲೆಯ ಮೂಲಕ ದೇಶದಲ್ಲಿ ಎಲ್ಲಿಯೂ ಡಾಲ್ಫಿನ್ ಪ್ರದರ್ಶನಾಲಯಕ್ಕೆ ಅನುಮತಿ ನೀಡಬಾರದೆಂದು ರಾಜ್ಯಗಳಿಗೆ ತಿಳಿಸಿತು. ಡಾಲ್ಫಿನ್‌ಗಳನ್ನು ಮಾನವೇತರ ವ್ಯಕ್ತಿಗಳೆಂದು ಪರಿಗಣಿಸಬೇಕು, ಮನರಂಜನೆಗಾಗಿ ಅವನ್ನು ಸೆರೆಯಲ್ಲಿಡುವುದು ನೈತಿಕವಾಗಿ ಸಲ್ಲದು ಎಂಬ ವಿಚಾರ ಅದರಲ್ಲಿತ್ತು. ಪಂಚೇಂದ್ರಿಯ ತಿರ್ಯಂಚ ಜೀವವು ಅಣುವ್ರತವನ್ನೂ ಧರಿಸಬಲ್ಲದೆಂದು ಸಾವಿರಾರು ವರ್ಷಗಳ ಹಿಂದೆಯೇ ಸಾರಿದ ಧರ್ಮದ ಅನುಯಾಯಿಗಳು, ಸರ್ಕಾರದ ಸುತ್ತೋಲೆಗಿಂತ ಹಿಂದೆ ಬೀಳಬಹುದೇ? ಸ್ವದೇಶದಲ್ಲಿ ಸಲ್ಲದ್ದು ದುಬೈಯಲ್ಲಿ, ಸಿಂಗಪುರದಲ್ಲಿ ಸಲ್ಲುತ್ತದೆಯೇ? ಗಡಿ ದಾಟಿದೊಡನೆ ಕರ್ಮಬಂಧವು ಸಡಿಲಗೊಳ್ಳುವುದಿಲ್ಲ.

ಇಂತಹ ಸಂಸ್ಥೆಗಳ ಪಕ್ಷದಲ್ಲಿ ಹೇಳುವ ಮಾತುಗಳು ಮೂರು. ಪ್ರಾಣಿಗಳಿಗೆ ಹೊತ್ತುಹೊತ್ತಿಗೆ ಆಹಾರವಿದೆ. ರೋಗ ಬಂದರೆ ವೈದ್ಯರಿದ್ದಾರೆ. ಮಕ್ಕಳಿಗೆ ಜ್ಞಾನ ದೊರೆಯುತ್ತದೆ. ಜೈನನ ಕಿವಿಗೆ ಈ ಮಾತುಗಳು ಪರಿಚಿತವಾಗಿ ಕೇಳಿಸಬೇಕು. ಏಕೆಂದರೆ ಇವು ಆಹಾರದಾನ, ಔಷಧದಾನ, ಶಾಸ್ತ್ರದಾನಗಳ ವೇಷವನ್ನು ತೊಟ್ಟು ಬಂದಿವೆ. ಆದರೆ ದಾನಗಳು ನಾಲ್ಕು. ನಾಲ್ಕನೆಯದಾದ ಅಭಯದಾನ ಅಲ್ಲಿ ಎಲ್ಲಿದೆ? ಅಭಯವಿಲ್ಲದ ಆಹಾರವು ಸೆರೆಮನೆಯ ಊಟ. ಇನ್ನು ಜ್ಞಾನದ ಮಾತು: ಕುಣಿಯುವ ಡಾಲ್ಫಿನ್‌ನಿಂದ ಮಗುವು ಕಲಿಯುವುದು ಕಡಲಿನ ಪಾಠವನ್ನಲ್ಲ, ಬಲಿಷ್ಠನ ವಿನೋದಕ್ಕೆ ದುರ್ಬಲನನ್ನು ಕಟ್ಟಿಹಾಕಬಹುದೆಂಬ ಪಾಠವನ್ನು. ಗಾಯಗೊಂಡ ಜಲಚರವನ್ನು ರಕ್ಷಿಸಿ, ಗುಣಪಡಿಸಿ, ಮತ್ತೆ ಕಡಲಿಗೆ ಬಿಡುವ ಕೇಂದ್ರಗಳ ಮಾತು ಬೇರೆ. ಅದು ಪಾಂಜರಾಪೋಳದ ಧರ್ಮ. ದೆಹಲಿಯ ಲಾಲ್ ಮಂದಿರದ ಆವರಣದಲ್ಲಿರುವ ಜೈನ ಪಕ್ಷಿ ಆಸ್ಪತ್ರೆಯಲ್ಲಿ ಗುಣಹೊಂದಿದ ಹಕ್ಕಿಯನ್ನು ಪಂಜರಕ್ಕೆ ಮರಳಿಸದೆ ಆಕಾಶಕ್ಕೆ ಬಿಡುವುದು ನಿಯಮ. ಚಿಕಿತ್ಸೆಗೂ ಪ್ರದರ್ಶನಕ್ಕೂ ಇರುವ ಅಂತರ ಆ ಒಂದು ನಿಯಮದಲ್ಲಿದೆ.

ದೂರದ ದೇಶಗಳನ್ನು ನಿಂದಿಸುವುದು ಸುಲಭ. ಮನೆಯೊಳಗಿನ ಗಾಜಿನ ಪೆಟ್ಟಿಗೆಯನ್ನು ಪ್ರಶ್ನಿಸುವುದು ಕಷ್ಟ. ವಾಸ್ತುವಿನ ಹೆಸರಿನಲ್ಲಿ, ಧನಲಾಭದ ಆಸೆಯಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಮಂಗಲ ಕಾರ್ಯಾಲಯದ ಮುಂಗಟ್ಟಿನಲ್ಲಿ ಮೀನಿನ ತೊಟ್ಟಿಗಳು ಬಂದು ಕುಳಿತಿವೆ. ಅಲಂಕಾರದ ಕಡಲ ಮೀನುಗಳಲ್ಲಿ ಬಹುಪಾಲು ಹವಳದ ದಿಬ್ಬಗಳಿಂದ ಹಿಡಿದು ತಂದವು. ಪ್ರಯೋಜನವಿಲ್ಲದ ಹಿಂಸೆಯನ್ನು ಅನರ್ಥದಂಡವೆಂದು ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ವಿವರಿಸಿದ್ದಾರೆ. ಕೇವಲ ನೋಟಕ್ಕಾಗಿ ಒಂದು ಜೀವವನ್ನು ಎರಡಡಿ ನೀರಿನಲ್ಲಿ ಆಮರಣ ಇಡುವುದಕ್ಕೆ ಬೇರೆ ಯಾವ ಹೆಸರು ಒಪ್ಪೀತು?

ಪಂಚಕಲ್ಯಾಣ ಮಹೋತ್ಸವಗಳಲ್ಲಿ ಜಿನಮಾತೆಯ ಹದಿನಾರು ಸ್ವಪ್ನಗಳನ್ನು ಭಕ್ತಿಯಿಂದ ಪ್ರದರ್ಶಿಸಲಾಗುತ್ತದೆ. ಅವುಗಳಲ್ಲೊಂದು ನೀರಿನಲ್ಲಿ ಸ್ವಚ್ಛಂದವಾಗಿ ಆಡುವ ಮೀನಿನ ಜೋಡಿ. ಜನ್ನನ 'ಯಶೋಧರ ಚರಿತೆ'ಯನ್ನು ಓದಿದವರಿಗೆ ಇನ್ನೊಂದೂ ನೆನಪಿರಬೇಕು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರದಿಂದ ರಾಜನೂ ರಾಜಮಾತೆಯೂ ತಿರ್ಯಂಚ ಭವಗಳಲ್ಲಿ ತೊಳಲಿದರು. ಒಂದು ಭವದಲ್ಲಿ ಅವರು ಜಲಚರಗಳಾಗಿ ಹುಟ್ಟಿದರು. ಗಾಜಿನಾಚೆ ಬಾಯಿ ತೆರೆದು ಮುಚ್ಚುವ ಜೀವ ಯಾರದೆಂದು ಯಾರು ಬಲ್ಲರು?

ನೀರಿನಿಂದ, ನೆಲದಿಂದ ಕಿತ್ತು ಬೇರೆಡೆ ಇಟ್ಟರೆ ಏನಾಗುತ್ತದೆಂಬುದನ್ನು ಬೀಳಗಿ ಸೀಮೆಯ ಜನರಿಗೆ ಹೊರಗಿನವರು ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಊರುಗಳನ್ನು ನುಂಗಿದಾಗ, ಪುನರ್ವಸತಿ ಕೇಂದ್ರದ ಮನೆ ಎಷ್ಟೇ ಗಟ್ಟಿಯಾಗಿದ್ದರೂ ಹಳೆಯ ಊರಿನ ನೆನಪಿನಲ್ಲಿ ಹಿರಿಯರು ಕಣ್ಣೀರಿಟ್ಟದ್ದು ಸರ್ವವಿದಿತ. ಮಾತು ಬಲ್ಲ ಮನುಷ್ಯನಿಗೆ ಪರಿಹಾರ ಕೇಳುವ ಹಕ್ಕಾದರೂ ಇತ್ತು.

ಪ್ರಾಣಿಗಳನ್ನು ನೋಡುವ ಕುತೂಹಲ ದೋಷವಲ್ಲ. ನೋಡುವ ರೀತಿಯಲ್ಲಿ ದೋಷವಿದೆ. ಬೀಳಗಿ, ಮುಧೋಳ ತಾಲೂಕುಗಳ ಯಡಹಳ್ಳಿ ಪ್ರದೇಶವು 2016ರಲ್ಲಿ ಚಿಂಕಾರಗಳ ವನ್ಯಧಾಮವೆಂದು ಘೋಷಿತವಾಯಿತು. ಮನೆಯ ಹಿತ್ತಲಿನಂತಿರುವ ಆ ಕುರುಚಲು ಕಾಡಿನಲ್ಲಿ ಚಿಂಕಾರವೊಂದು ಮಿಂಚಿ ಮರೆಯಾಗುವುದನ್ನು ಎಷ್ಟು ಮಕ್ಕಳು ಕಂಡಿದ್ದಾರೆ? ಕಡಲನ್ನೇ ನೋಡಬೇಕೆಂದರೆ ಕಾರವಾರದ ತೀರವಿದೆ. ಅಲ್ಲಿನ ನೀರಿನಲ್ಲಿ ಡಾಲ್ಫಿನ್‌ಗಳು ತಮ್ಮಿಚ್ಛೆಯಂತೆ ಮೇಲೆದ್ದು ಮುಳುಗುತ್ತವೆ. ಕಂಡರೆ ಪುಣ್ಯ, ಕಾಣದೆ ಬಂದರೂ ನಷ್ಟವಿಲ್ಲ, ಕಾಣಿಸಿಕೊಳ್ಳದಿರುವ ಸ್ವಾತಂತ್ರ್ಯ ಅವುಗಳಿಗಿದೆ ಎಂಬ ಪಾಠವಾದರೂ ದಕ್ಕುತ್ತದೆ.

ಬಸದಿಗಳ ಟ್ರಸ್ಟುಗಳು ಈ ದಿಶೆಯಲ್ಲಿ ನಿರ್ಣಯ ಕೈಗೊಳ್ಳುವುದು ಅವಶ್ಯ. ತಮ್ಮ ಆಶ್ರಯದ ಪ್ರವಾಸಗಳಲ್ಲಿ ಪ್ರಾಣಿಗಳ ಸೆರೆ ಪ್ರದರ್ಶನಗಳನ್ನು ಕೈಬಿಡಬೇಕು. ಯಾತ್ರಿನಿವಾಸಗಳಲ್ಲಿ, ಮಂಗಲ ಕಾರ್ಯಾಲಯಗಳಲ್ಲಿ ಹೊಸ ತೊಟ್ಟಿಗಳನ್ನು ಇಡಗೊಡಬಾರದು. ಈಗಾಗಲೇ ಇರುವ ಮೀನುಗಳನ್ನು ಅವಸರದ ದಯೆಯಿಂದ ಕೃಷ್ಣೆಗೋ ಘಟಪ್ರಭೆಗೋ ಬಿಡುವುದೂ ತಪ್ಪು. ಪರದೇಶದ ಮೀನು ಹೊಳೆಯ ಮೀನಿಗೆ ಮೃತ್ಯುವಾದೀತು. ಅವುಗಳ ಆಯುಷ್ಯ ಮುಗಿಯುವವರೆಗೆ ಅಕ್ಕರೆಯಿಂದ ಸಲಹಿ, ಆಮೇಲೆ ತೊಟ್ಟಿಯನ್ನು ಬರಿದಾಗಿಯೇ ಬಿಡಬೇಕು.

ನೇಮಿನಾಥನ ಲಾಂಛನ ಶಂಖ. ಕಡಲ ಜೀವಿಯೊಂದರ ಮನೆ. ಆ ಲಾಂಛನಕ್ಕೆ ಕೈಮುಗಿಯುವ ಸಮಾಜದ ಮದುವೆ ಮನೆಯಲ್ಲಿ, ವರನು ಹಾಯ್ದುಬರುವ ಬಾಗಿಲ ಪಕ್ಕದಲ್ಲಿಯೇ ಕೂಡಿಹಾಕಿದ ಜೀವಗಳು ಇವೆ. ಮೀನಿಗೆ ಆಕ್ರಂದಿಸುವ ಕಂಠವಿಲ್ಲ. ಅದಕ್ಕಾಗಿಯೇ ಕೇಳಿಸಿಕೊಳ್ಳುವವರ ಹೊಣೆ ಹೆಚ್ಚಿನದು.