ಧರ್ಮಕೇಂದ್ರದ ಕೀಲಿಕೈ ಯಾರ ಬಳಿ?

ಕರ್ನಾಟಕದ ಕ್ರೈಸ್ತರೆಂದರೆ ಮಂಗಳೂರಿನ ಕೊಂಕಣಿಗರು ಅಥವಾ ಬೆಂಗಳೂರಿನ ದಂಡು ಪ್ರದೇಶದವರು ಎಂಬ ಕಲ್ಪನೆ ನಮ್ಮ ವಿದ್ಯಾವಂತ ವಲಯದಲ್ಲಿ ಬಲವಾಗಿ ಬೇರೂರಿದೆ. ರಾಯಚೂರು ಜಿಲ್ಲೆ ಈ ಕಲ್ಪನೆಯೊಳಗೆ ಎಲ್ಲಿಯೂ ಬರುವುದಿಲ್ಲ. ಆದರೆ ರಾಜ್ಯದ ಅತ್ಯಂತ ಹಳೆಯ ಕಥೋಲಿಕ ನೆಲೆಗಳಲ್ಲಿ ಒಂದು ಇದೇ ಜಿಲ್ಲೆಯ ಮುದಗಲ್ಲಿನಲ್ಲಿದೆ. ಆದಿಲಶಾಹಿ ಆಳ್ವಿಕೆಯ ಕಾಲದಲ್ಲಿ, 1557ರ ಸುಮಾರಿಗೆ ಅಲ್ಲಿನ ಚರ್ಚ್ ಆರಂಭವಾಯಿತೆಂಬುದು ಪರಂಪರಾಗತ ನಂಬಿಕೆ. ಹಿಂದೂಗಳೂ ಮನಃಪೂರ್ವಕ ಪಾಲ್ಗೊಳ್ಳುವ ಮೊಹರಮ್ಮಿಗೆ ಹೆಸರಾದ ಆ ಊರಿನಲ್ಲಿ ಶಿಲುಬೆಯೂ ನಾಲ್ಕೂವರೆ ಶತಮಾನಗಳಿಂದ ಊರಿನವರ ಪೈಕಿಯೇ ಆಗಿದೆ. ಇದೇ ಜಿಲ್ಲೆಯಲ್ಲಿ ಇಂದು ಕಥೋಲಿಕ ಸಮುದಾಯದ ಸ್ವರೂಪ ಮತ್ತೊಮ್ಮೆ ಬದಲಾಗುತ್ತಿದೆ. ಆ ಬದಲಾವಣೆಗೆ ಚರ್ಚ್ ಹೇಗೆ ಸ್ಪಂದಿಸುತ್ತದೆ ಎಂಬ ಪ್ರಶ್ನೆ ಕ್ರೈಸ್ತರ ಮನೆವಾರ್ತೆಗೆ ಮಾತ್ರ ಸೀಮಿತವಾದದ್ದಲ್ಲ.

ರಾಯಚೂರು ಸೀಮೆಯ ಕಥೋಲಿಕ ಸಮುದಾಯ ಪದರಪದರವಾಗಿ ಬೆಳೆದದ್ದು. ಮುದಗಲ್ಲಿನ ಹಳೆಯ ಮನೆತನಗಳದು ಮೊದಲ ಪದರ. 1871ರಲ್ಲಿ ಮುಂಬಯಿ ಮತ್ತು ಮದರಾಸು ಕಡೆಯ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿಕೊಂಡ ಮೇಲೆ ಬೇರೆ ಬೇರೆ ಭಾಷೆಯ ನೌಕರ ಕುಟುಂಬಗಳು ಪಟ್ಟಣಕ್ಕೆ ಬಂದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಗೆ ನೀರು ಹರಿದಾಗ ಆಂಧ್ರ ಕರಾವಳಿಯ ರೈತರು ಗಂಗಾವತಿ, ಸಿಂಧನೂರು, ಮಾನ್ವಿ ಭಾಗಗಳಲ್ಲಿ ಭೂಮಿ ಕೊಂಡು ನೆಲೆನಿಂತರು. ಇಂದಿಗೂ 'ಕ್ಯಾಂಪ್' ಎಂದೇ ಕರೆಯಲಾಗುವ ಆ ವಸತಿಗಳಿಗೆ ಬಂದವರಲ್ಲಿ ತೆಲುಗು ಮಾತಿನ ಕ್ರೈಸ್ತ ಕುಟುಂಬಗಳೂ ಇದ್ದವು. ಹಟ್ಟಿಯ ಚಿನ್ನದ ಗಣಿ ಹಾಗೂ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಹೊರಗಿನ ನೌಕರರನ್ನು ಕರೆತಂದವು. ಇವರೆಲ್ಲರ ಪಾಲನೆಯ ಹೊಣೆ ಹೊತ್ತದ್ದು 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಕ್ಷೇತ್ರ. ಅಲ್ಲಿನ ಗುರುಗಳಲ್ಲಿಯೂ ಕನ್ಯಾಸ್ತ್ರೀಯರಲ್ಲಿಯೂ ಕರಾವಳಿಯಿಂದ ಬಂದವರು ಗಣನೀಯ ಸಂಖ್ಯೆಯಲ್ಲಿದ್ದರು.

ಈ ಶತಮಾನದ ಆರಂಭದಲ್ಲಿ ಮತ್ತೊಂದು ಪದರ ಸೇರಿತು. ಯೇಸುಸಭೆಯ ಕರ್ನಾಟಕ ಪ್ರಾಂತ್ಯವು ಮಾನ್ವಿ ಮತ್ತು ಪನ್ನೂರಿನಲ್ಲಿ ನೆಲೆಯೂರಿ ದಲಿತ ಕೇರಿಗಳ, ಮುಖ್ಯವಾಗಿ ಮಾದಿಗ ಸಮುದಾಯದ ಮಕ್ಕಳ ಶಿಕ್ಷಣವನ್ನು ಕೈಗೆತ್ತಿಕೊಂಡಿತು. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 59.56. ಯಾದಗಿರಿಯನ್ನು ಬಿಟ್ಟರೆ ರಾಜ್ಯದಲ್ಲಿ ಇದಕ್ಕಿಂತ ಹಿಂದುಳಿದ ಜಿಲ್ಲೆ ಆಗ ಇರಲಿಲ್ಲ. ಇಂಥ ಕಡೆ ಶಾಲೆಯೊಂದು ತೆರೆದರೆ ಅದು ಬರಿಯ ಶಾಲೆಯಾಗಿ ಉಳಿಯುವುದಿಲ್ಲ. ಕೇರಿಯ ಕುಟುಂಬ ಪ್ರಾರ್ಥನಾಲಯದ ಕಡೆಗೂ ನೋಡುತ್ತದೆ. ಹೀಗೆ ರೈಲ್ವೆಯವರು, ನೌಕರರು, ಕಾಲುವೆಯ ರೈತರು ಇದ್ದ ಧರ್ಮಕೇಂದ್ರಗಳ ಹೊಸ್ತಿಲಿಗೆ ಅದೇ ರೈತರ ಗದ್ದೆಗಳಲ್ಲಿ ನಾಟಿ ಮಾಡುವ ಕೂಲಿಕಾರ ಕುಟುಂಬಗಳು ಬಂದು ನಿಂತಿವೆ. ವಾರದ ಆರು ದಿನ ಒಡೆಯ ಮತ್ತು ಆಳು ಆಗಿರುವವರು ಏಳನೆಯ ದಿನ ಒಂದೇ ಬೆಂಚಿನಲ್ಲಿ ಕೂರಬೇಕಾಗಿದೆ.

ಈ ಬೆಳವಣಿಗೆಯನ್ನು ಭಾಷೆಯ ಸಮಸ್ಯೆಯೆಂದು ಭಾವಿಸಿ ಪೂಜೆಯ ವೇಳಾಪಟ್ಟಿಯಲ್ಲಿ ಪರಿಹಾರ ಹುಡುಕುವುದು ಸುಲಭ. ಏಳು ಗಂಟೆಗೆ ತೆಲುಗು ಬಲಿಪೂಜೆ, ಒಂಬತ್ತಕ್ಕೆ ಕನ್ನಡದ್ದು, ತಿಂಗಳಿಗೊಮ್ಮೆ ಇಂಗ್ಲಿಷಿನದು ಎಂದರೆ ಯಾರಿಗೂ ನೋವಿಲ್ಲ. ಆದರೆ ಯಾರೂ ಯಾರನ್ನೂ ಕಾಣುವುದಿಲ್ಲ. ಒಂದೇ ಗೋಡೆಗಳ ನಡುವೆ ಎರಡು ಮೂರು ಊರುಗಳು ಸರದಿಯ ಮೇಲೆ ಬಂದು ಹೋಗುತ್ತವೆ.

ಚರ್ಚಿನ ಕಾನೂನಿಗೆ ಈ ಇಕ್ಕಟ್ಟು ಹೊಸದಲ್ಲ. 1983ರ ಧರ್ಮಸಭಾ ಸಂಹಿತೆಯ 518ನೇ ನಿಯಮದಂತೆ ಧರ್ಮಕೇಂದ್ರವು ಸಾಮಾನ್ಯವಾಗಿ ಭೌಗೋಳಿಕವಾದದ್ದು. ಆ ಎಲ್ಲೆಯೊಳಗೆ ವಾಸಿಸುವ ವಿಶ್ವಾಸಿಗಳೆಲ್ಲರೂ ಅದಕ್ಕೆ ಸೇರಿದವರು. ಅಗತ್ಯವಿದ್ದಲ್ಲಿ ಪೂಜಾಪದ್ಧತಿ, ಭಾಷೆ ಅಥವಾ ರಾಷ್ಟ್ರೀಯತೆಯ ಆಧಾರದ ಮೇಲೆ ಪ್ರತ್ಯೇಕ ಧರ್ಮಕೇಂದ್ರ ತೆರೆಯಬಹುದು. ಗಮನಿಸಬೇಕಾದ ಸಂಗತಿಯೆಂದರೆ ಆ ಪಟ್ಟಿಯಲ್ಲಿ ಜಾತಿಯ ಹೆಸರಿಲ್ಲ. ಆದರೆ ನಮ್ಮ ನೆಲದಲ್ಲಿ ಭಾಷೆಯ ಗೆರೆ ಬಹಳ ಸಲ ಜಾತಿಯ ಗೆರೆಯ ಮೇಲೆಯೇ ಹಾದುಹೋಗುತ್ತದೆ. ತೆಲುಗು ಪೂಜೆ ಭೂಮಿಯುಳ್ಳವರದು, ಕನ್ನಡದ ಪೂಜೆ ಕೇರಿಯವರದು ಎಂದಾಗಿಬಿಟ್ಟರೆ ಭಾಷೆಯ ಸೌಕರ್ಯದ ಹೆಸರಿನಲ್ಲಿ ಜಾತಿಯ ಬೇಲಿಯೇ ನಿಂತಂತಾಗುತ್ತದೆ.

ಇದು ಅತಿಯಾದ ಆತಂಕವೆನ್ನುವವರು ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಲಂ ಚರ್ಚಿನ ಚರಿತ್ರೆಯನ್ನು ನೆನೆಯಬೇಕು. 1872ರಲ್ಲಿ ಅಲ್ಲಿ ಎರಡು ಜಾತಿಗಳವರು ಒಬ್ಬರನ್ನೊಬ್ಬರು ನೋಡದಂತೆ, ಆದರೆ ಒಂದೇ ಬಲಿಪೀಠವನ್ನು ನೋಡುವಂತೆ, ಷರಾಯಿಯ ಎರಡು ಕಾಲುಗಳ ಹಾಗೆ ಕವಲೊಡೆದ ಕಟ್ಟಡ ಕಟ್ಟಲಾಯಿತು. ನಡುವಿನ ಗೋಡೆ ಉರುಳಿದ್ದು 1910ರಲ್ಲಿ, ಅದೂ ದೊಡ್ಡ ಗಲಾಟೆಯ ನಡುವೆ. ಶಾಂತಿಗಾಗಿ ಮಾಡಿಕೊಂಡ ತಾತ್ಕಾಲಿಕ ಏರ್ಪಾಡುಗಳು ಕಲ್ಲಾಗಿ ನಿಲ್ಲಲು ಹೆಚ್ಚು ಕಾಲ ಬೇಕಾಗುವುದಿಲ್ಲ.

ಹಾಗೆಂದು ಎಲ್ಲರನ್ನೂ ಒಂದೇ ಅಚ್ಚಿಗೆ ಸುರಿಯುವುದೂ ಅಪಾಯಕಾರಿ. ಅಮೆರಿಕದ ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ನಗರದಲ್ಲಿ ಪೋಲೆಂಡಿನಿಂದ ವಲಸೆ ಬಂದ ಕಾರ್ಮಿಕರು ತಮ್ಮ ದುಡಿಮೆಯ ಹಣದಿಂದ ಚರ್ಚ್ ಕಟ್ಟಿಕೊಂಡರು. ಅದರ ಆಸ್ತಿ ಮತ್ತು ಆಡಳಿತದಲ್ಲಿ ಅವರು ಕೇಳಿದ ಹಕ್ಕನ್ನು ಅನ್ಯಭಾಷಿಕ ಮೇಲಧಿಕಾರ ಮನ್ನಿಸಲಿಲ್ಲ. 1897ರಲ್ಲಿ ಫ್ರಾನ್ಸಿಸ್ ಹೊದೂರ್ ಎಂಬ ಗುರುವಿನ ನೇತೃತ್ವದಲ್ಲಿ ಅವರು ಬೇರೆಯಾದರು. ಆ ಪ್ರತ್ಯೇಕ ಪೋಲಿಷ್ ರಾಷ್ಟ್ರೀಯ ಕಥೋಲಿಕ ಚರ್ಚ್ ಇಂದಿಗೂ ಇದೆ. ಜಗಳ ಧರ್ಮತತ್ತ್ವದ ಕುರಿತಾಗಿರಲಿಲ್ಲ; ಕೀಲಿಕೈ ಮತ್ತು ಲೆಕ್ಕಪುಸ್ತಕ ಯಾರ ಬಳಿ ಇರಬೇಕೆಂಬುದೇ ಅದರ ಮೂಲ. ಕನ್ನಡದ ಸ್ಥಾನಮಾನ ಕುರಿತು ಬೆಂಗಳೂರು ಮಹಾಧರ್ಮಕ್ಷೇತ್ರದಲ್ಲಿ ದಶಕಗಳ ಕಾಲ ನಡೆದ ತಿಕ್ಕಾಟವೂ ನಮಗೆ ತಿಳಿದದ್ದೇ. ಅಲ್ಲಿಯೂ ಪೂಜೆಯ ಭಾಷೆಯ ಹಿಂದೆ ಗುರುಗಳ ನೇಮಕ ಮತ್ತು ಅಧಿಕಾರದ ಹಂಚಿಕೆಯ ಪ್ರಶ್ನೆಗಳಿದ್ದವು.

ದೇವರನ್ನು ಜನರ ನುಡಿಗೆ ತರುವ ವಿಚಾರದಲ್ಲಿ ರಾಯಚೂರಿನ ನೆಲ ಯಾರಿಂದಲೂ ಪಾಠ ಕಲಿಯಬೇಕಾಗಿಲ್ಲ. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯವರು. ಮಾನ್ವಿಯ ಜಗನ್ನಾಥದಾಸರು 'ಹರಿಕಥಾಮೃತಸಾರ'ದಲ್ಲಿ ಸಂಸ್ಕೃತದ ಗಹನ ಸಿದ್ಧಾಂತವನ್ನು ಕನ್ನಡದ ಭಾಮಿನಿ ಷಟ್ಪದಿಗೆ ಇಳಿಸಿದರು. ಅದಕ್ಕೂ ಆರು ಶತಮಾನ ಮೊದಲು ಶರಣರು ಮಾದಾರ ಚೆನ್ನಯ್ಯನನ್ನು ಹಿರಿಯನೆಂದು ಸ್ಮರಿಸಿದ್ದರು. ರೋಮಿನ ಚರ್ಚು ಲ್ಯಾಟಿನ್ನಿನ ಬದಲು ದೇಶಭಾಷೆಗಳಿಗೆ ವ್ಯಾಪಕವಾಗಿ ಅನುಮತಿ ನೀಡಿದ್ದು ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಅಂಗೀಕರಿಸಿದ ದಾಖಲೆಯ ಮೂಲಕ. ಬಹಳ ತಡವಾಗಿ ಬಂದ ಆ ಅನುಮತಿಯನ್ನು ಪಠ್ಯದ ಅನುವಾದಕ್ಕೆ ಸೀಮಿತಗೊಳಿಸಿದರೆ ಅರ್ಧ ಕೆಲಸವಾದಂತೆ. ಬೆಂಗಳೂರಿನಲ್ಲಿ ಅಚ್ಚಾದ ಗ್ರಾಂಥಿಕ ಕನ್ನಡ ದೇವದುರ್ಗದ ಕೂಲಿಕಾರ ತಾಯಿಗೆ ಲ್ಯಾಟಿನ್ನಿಗಿಂತ ಎಷ್ಟು ಹತ್ತಿರ ಎಂಬ ಪ್ರಶ್ನೆಯನ್ನು ಕೇಳಲೇಬೇಕು.

ಇನ್ನೊಂದು ಸೂಕ್ಷ್ಮವಿದೆ. ದೇಶೀಕರಣದ ಉತ್ಸಾಹದಲ್ಲಿ ಹಲಗೆಯನ್ನು ಬಲಿಪೀಠದ ಬಳಿ ತರುವುದು ಹೊರಗಿನವರ ಕಣ್ಣಿಗೆ ಸೊಗಸಾಗಿ ಕಾಣಬಹುದು. ಆದರೆ ಊರಿನ ಸಾವಿಗೆ, ಜಾತ್ರೆಗೆ ಹಲಗೆ ಬಾರಿಸುವುದು ಮಾದಿಗರ ಮೇಲೆ ಹೇರಿದ್ದ ಬಿಟ್ಟಿ ಚಾಕರಿಯ ಗುರುತೂ ಹೌದು. ಅದನ್ನು ಹೆಮ್ಮೆಯ ಕಲೆಯಾಗಿ ಎತ್ತಿಕೊಳ್ಳಬೇಕೋ, ಅವಮಾನದ ನೆನಪೆಂದು ಕೆಳಗಿಡಬೇಕೋ ಎಂಬುದನ್ನು ತೀರ್ಮಾನಿಸಬೇಕಾದವರು ಆ ಸಮುದಾಯದವರೇ ಹೊರತು ಕರಾವಳಿಯಿಂದ ಬಂದ ಗುರುಗಳಲ್ಲ, ಪತ್ರಿಕೆಗಳಲ್ಲಿ ಬರೆಯುವ ನಾವೂ ಅಲ್ಲ.

ಈ ಹೊಸ ವಿಶ್ವಾಸಿಗಳು ತೆರುತ್ತಿರುವ ಬೆಲೆಯನ್ನೂ ಅರಿಯಬೇಕು. 1950ರ ರಾಷ್ಟ್ರಪತಿ ಆದೇಶವು ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತರಣೆಯಾಯಿತು. ಕ್ರೈಸ್ತರಿಗೆ ಮತ್ತು ಮುಸ್ಲಿಮರಿಗೆ ಆಗಲಿಲ್ಲ. ಜಾತಿ ಮತಾಂತರದಿಂದ ಅಳಿಯುವುದಿಲ್ಲವೆಂದು ಮನಗಂಡ ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಧರ್ಮದ ನಿರ್ಬಂಧ ತೆಗೆಯುವಂತೆ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಮತ್ತೊಂದು ಆಯೋಗ ನೇಮಿಸಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಕ್ರೈಸ್ತ ಧರ್ಮವನ್ನು ಆಚರಿಸುತ್ತ ಮೀಸಲಾತಿಗಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದನ್ನು ಒಪ್ಪಲಾಗದೆಂದು ಪುದುಚೇರಿಯ ಪ್ರಕರಣವೊಂದರಲ್ಲಿ ತೀರ್ಪಿತ್ತಿತು. ಇತ್ತ ರಾಜ್ಯದಲ್ಲಿ 2025ರ ಆಗಸ್ಟಿನಲ್ಲಿ ಸಚಿವ ಸಂಪುಟವು ಒಳಮೀಸಲಾತಿಯಡಿ ಎಡಗೈ ಗುಂಪಿಗೆ ಶೇ 6ರ ಪಾಲು ನೀಡುವ ತೀರ್ಮಾನ ಕೈಗೊಂಡಿತು. ದಶಕಗಳ ಹೋರಾಟದ ಫಲ ಮಾದಿಗರ ಕೈಗೆಟುಕುವ ಹೊತ್ತಿನಲ್ಲಿಯೇ ಚರ್ಚಿನ ದಾಖಲೆಯಲ್ಲಿ ಹೆಸರು ಬರೆಸುವುದು ಎಷ್ಟು ದುಬಾರಿಯೆಂಬುದು ಸ್ಪಷ್ಟ. ಅದೇ ವರ್ಷದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಜಾತಿಯ ಹೆಸರಿನೊಡನೆ 'ಕ್ರೈಸ್ತ' ಪದ ಸೇರಿಸಿದ್ದ ನಮೂದುಗಳು ಎಬ್ಬಿಸಿದ ವಿವಾದ ಇನ್ನೂ ನೆನಪಿನಲ್ಲಿದೆ. ಇಂಥ ಪರಿಸ್ಥಿತಿಯಲ್ಲಿ ಧರ್ಮಕೇಂದ್ರಕ್ಕೆ ತನ್ನ ಜನರನ್ನು ಎಣಿಸುವುದೇ ಕಷ್ಟ. ಹಾಗಾಗಿ ಅದು ದೀಕ್ಷಾಸ್ನಾನದ ಪುಸ್ತಕವನ್ನಷ್ಟೇ ಆಧಾರವಾಗಿಟ್ಟುಕೊಂಡು ಯಾರಿಗೆ ಮಾತಿನ ಹಕ್ಕಿದೆಯೆಂದು ನಿರ್ಧರಿಸಬಾರದು.

ಗುಳೆಯ ಪ್ರಶ್ನೆಯೂ ಇದೆ. ತುಂಗಭದ್ರೆಯ ಎಡದಂಡೆ ಕಾಲುವೆ ಮಾನ್ವಿಗೆ, ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗಕ್ಕೆ ನೀರು ತಂದರೂ ಭೂಮಿಯಿಲ್ಲದವರ ಪಾಲಿಗೆ ಬೇಸಿಗೆಯೆಂದರೆ ಬೆಂಗಳೂರು, ಪುಣೆ, ಮುಂಬಯಿ, ಗೋವೆಗಳ ಕಟ್ಟಡ ಕಾಮಗಾರಿಯೇ. ಕ್ರೈಸ್ತ ಪಂಚಾಂಗದ ಅತಿ ಮುಖ್ಯ ಹಬ್ಬವಾದ ಈಸ್ಟರ್ ಬರುವುದು ಇವರು ಊರಿನಲ್ಲಿ ಇಲ್ಲದ ಕಾಲದಲ್ಲಿ. ಉಳುಮೆ ಕಾಲದಲ್ಲಿ ತುಂಬಿ ಗುಳೆಯ ಕಾಲದಲ್ಲಿ ಬರಿದಾಗುವ ಧರ್ಮಕೇಂದ್ರವು ನೌಕರರ ಭಾನುವಾರಕ್ಕೆ ಹೊಂದಿಸಿದ ವೇಳಾಪಟ್ಟಿಯಲ್ಲಿ ನಡೆಯಲಾರದು.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು, ಲೆಕ್ಕಪತ್ರ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕೆಂದು ಸಂಹಿತೆಯ 537ನೇ ನಿಯಮ ಹೇಳುತ್ತದೆ. 536ನೆಯದು ಪಾಲನಾ ಸಮಿತಿಗೆ ಅವಕಾಶ ನೀಡುತ್ತದೆ. ಈ ಎರಡರಲ್ಲೂ ಕೇರಿಯವರಿಗೆ, ಅದರಲ್ಲೂ ಹೆಂಗಸರಿಗೆ, ಅವರ ಸಂಖ್ಯೆಗೆ ತಕ್ಕ ಸ್ಥಾನ ಸಿಗಬೇಕು. ಕೂಲಿ ಬಿಟ್ಟು ಬರಬೇಕಾಗದ ಹೊತ್ತಿನಲ್ಲಿ, ಅವರು ಆಡುವ ಕನ್ನಡದಲ್ಲಿ ಸಭೆ ನಡೆಯಬೇಕು. ಎರಡನೆಯದು, ವರ್ಷದ ದೊಡ್ಡ ಹಬ್ಬಗಳಲ್ಲಿ ಬಲಿಪೂಜೆ ಒಂದೇ ಆಗಿರಬೇಕು. ಕ್ಯಾಂಪಿನ ಹಿರಿಯರಿಗೆ ತಮ್ಮ ತೆಲುಗು ಕೀರ್ತನೆಯ ಮೇಲಿನ ಪ್ರೀತಿ ಸಹಜ. ಎರಡು ತಲೆಮಾರು ಅವರನ್ನು ಪರವೂರಿನಲ್ಲಿ ಹಿಡಿದು ನಿಲ್ಲಿಸಿದ್ದು ಅದೇ. ಅದನ್ನು ಅಳಿಸದೆ ಅದರ ಪಕ್ಕದಲ್ಲಿಯೇ ಕನ್ನಡದ ಪದಕ್ಕೆ ಜಾಗ ಮಾಡಬೇಕು. ಎರಡೂ ನುಡಿ ಬಲ್ಲವರು ಯಥೇಚ್ಛವಾಗಿರುವ ಗಡಿ ಜಿಲ್ಲೆಯಲ್ಲಿ ಇದೇನೂ ಅಸಾಧ್ಯವಲ್ಲ. ಮೂರನೆಯದು, ಸಮಾಧಿ ಭೂಮಿ. ಬದುಕಿದ್ದಾಗ ಒಂದೇ ಬೆಂಚಿನಲ್ಲಿ ಕುಳಿತವರು ಸತ್ತಾಗ ಬೇರೆ ಬೇರೆ ಮೂಲೆ ಸೇರುವುದಾದರೆ ಬೆಂಚಿನ ಸಮಾನತೆಗೆ ಅರ್ಥವಿಲ್ಲ. ನಾಲ್ಕನೆಯದು, ಗುಳೆ ಹೋದವರನ್ನು ಬೆಂಗಳೂರು, ಪುಣೆಗಳ ಧರ್ಮಕೇಂದ್ರಗಳು ಗುರುತಿಸುವಂಥ ಏರ್ಪಾಡು.

ಕೊನೆಯದು ಮತ್ತು ಕಠಿಣವಾದದ್ದು ಗುರುಪಟ್ಟದ ಪ್ರಶ್ನೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯಲ್ಲಿ ಅಸ್ಪೃಶ್ಯತೆ ಚರ್ಚಿನೊಳಗೂ ಇದೆಯೆಂದು ಒಪ್ಪಿಕೊಂಡಿತು. 2022ರಲ್ಲಿ, ನೆರೆಯ ಕರ್ನೂಲಿನ ಧರ್ಮಾಧ್ಯಕ್ಷರಾಗಿದ್ದು ಬಳಿಕ ಹೈದರಾಬಾದಿನ ಮಹಾಧರ್ಮಾಧ್ಯಕ್ಷರಾದ ಆಂಥೋನಿ ಪೂಲ ಅವರು ದಲಿತ ಸಮುದಾಯದ ಮೊದಲ ಕಾರ್ಡಿನಲ್ ಆದರು. ಒಬ್ಬರು ಅಷ್ಟೆತ್ತರಕ್ಕೆ ಏರಿದ್ದು ಸಂತಸದ ಸಂಗತಿ. ಆದರೆ ಮಾನ್ವಿಯ ಶಾಲೆಯಲ್ಲಿ ಓದಿದ ಹುಡುಗ ಗುರುವಾಗಿ ಅದೇ ಸೀಮೆಗೆ ಮರಳಿ, ಕ್ಯಾಂಪಿನ ರೈತನೂ ಕೇರಿಯ ಕೂಲಿಕಾರನೂ ಅವನ ಕೈಯಿಂದ ಪ್ರಸಾದ ಸ್ವೀಕರಿಸುವುದು ಅದಕ್ಕಿಂತ ದೊಡ್ಡ ಪರೀಕ್ಷೆ.

ಕರಾವಳಿಯಿಂದ ಬಂದು ಬಿಸಿಲ ನಾಡಿನಲ್ಲಿ ಬದುಕು ಸವೆಸಿದ ಗುರುಗಳ, ಕನ್ಯಾಸ್ತ್ರೀಯರ ಸೇವೆಯನ್ನು ಈ ಮಾತುಗಳು ಕಿರಿದಾಗಿಸುವುದಿಲ್ಲ. ಅವರು ಶಾಲೆ ಕಟ್ಟದಿದ್ದರೆ ಈ ಪ್ರಶ್ನೆ ಕೇಳುವ ತಲೆಮಾರೇ ಹುಟ್ಟುತ್ತಿರಲಿಲ್ಲ. ಆದರೆ ಸೇವೆಗೆ ತನ್ನದೇ ಆದ ಒಂದು ಮಿತಿಯಿದೆ. ಕೊಡುವವರು ಎಷ್ಟೇ ಉದಾರಿಗಳಾಗಿರಲಿ, ಪಡೆಯುವವರು ಪಡೆಯುವವರಾಗಿಯೇ ಉಳಿದರೆ ಆ ಮನೆ ಎಂದೂ ಅವರದಾಗುವುದಿಲ್ಲ. ಕಲ್ಯಾಣ ಕರ್ನಾಟಕದ ಬಗೆಗೆ ರಾಜಧಾನಿಯ ಧೋರಣೆಯೂ ಇದೇ ಬಗೆಯದಲ್ಲವೇ? ಅನುದಾನ ಕೊಡುತ್ತೇವೆ, ತೀರ್ಮಾನ ನಮ್ಮದು ಎಂಬ ಮನೋಭಾವ ಸರ್ಕಾರದಲ್ಲಿರಲಿ, ಮಠದಲ್ಲಿರಲಿ, ಚರ್ಚಿನಲ್ಲಿರಲಿ, ಫಲ ಒಂದೇ. ರೈಲಿನವರಿಗೆ, ಕಾಲುವೆಯ ರೈತರಿಗೆ, ಸಿಂಧನೂರಿನ ಶಿಬಿರಗಳ ಬಂಗಾಳಿ ನಿರಾಶ್ರಿತರಿಗೆ ಜಾಗ ಕೊಟ್ಟ ಜಿಲ್ಲೆಯಿದು. ಇಲ್ಲಿಯೇ ಹುಟ್ಟಿ ಬೆಳೆದವರು ಹೊಸ್ತಿಲಲ್ಲಿ ನಿಂತಿರುವಾಗ ಅವರನ್ನು ಅತಿಥಿಗಳೆಂದು ಉಪಚರಿಸಿ ಕೂರಿಸುವುದರಿಂದ ಕೆಲಸ ಮುಗಿಯುವುದಿಲ್ಲ. ಮನೆಯ ಕೀಲಿಕೈಯ ಒಂದು ಪ್ರತಿಯನ್ನು ಅವರ ಕೈಗೂ ಕೊಡಬೇಕು.