ಆಂಪ್ಲಿಫೈಯರ್ ಗುಂಯ್‌ಗುಟ್ಟಿದರೆ ಅರ್ಥಿಂಗ್ ಪಿನ್ ಕೀಳಬೇಡಿ

ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರರು ಬಾಳಿದ ಊರು ನಮ್ಮ ಹುಬ್ಬಳ್ಳಿ–ಧಾರವಾಡ. ಹಳೆಯ ಆಂಪ್ಲಿಫೈಯರ್, ದೊಡ್ಡ ಸ್ಪೀಕರ್‌ಗಳನ್ನು ಜೋಪಾನ ಮಾಡಿದ ಮನೆಗಳು ಇಲ್ಲಿ ಇನ್ನೂ ಇವೆ. ಈಗ ಸೆಟ್‌ಟಾಪ್ ಬಾಕ್ಸ್, ಲ್ಯಾಪ್‌ಟಾಪ್ ಕೂಡ ಅದೇ ಆಂಪ್ಲಿಫೈಯರ್‌ಗೆ ಸೇರಿವೆ. ಜೊತೆಗೆ ಒಂದು ಕಾಟವೂ ಸೇರಿಕೊಂಡಿದೆ. ಹಾಡು ಶುರುವಾಗುವ ಮೊದಲೇ ‘ಗುಂಯ್’ ಎನ್ನುವ ಸದ್ದು; ತಂಬೂರಿಯ ಜೊತೆ ಕರೆಂಟೂ ಶ್ರುತಿ ಹಿಡಿದಂತೆ!

ಇದಕ್ಕೆ ಹಲವರು ಹೇಳುವ ಮದ್ದು, ಪ್ಲಗ್ಗಿನ ದಪ್ಪ ಪಿನ್ ಕಿತ್ತುಹಾಕುವುದು ಅಥವಾ ಒಳಗಿನ ಹಸಿರು ವೈರ್ ಬಿಚ್ಚುವುದು. ಎಷ್ಟೋ ಸಲ ಸದ್ದು ನಿಲ್ಲುವುದೂ ನಿಜ. ಆದರೆ ಆ ಪಿನ್ ಇರುವುದು ನಮ್ಮ ಜೀವ ಕಾಯಲು. ಒಳಗೆ ವೈರ್ ಸುಲಿದು 230 ವೋಲ್ಟ್ ಲೋಹದ ಡಬ್ಬಿಗೆ ತಾಗಿದರೆ, ಸರಿಯಾದ ಅರ್ಥಿಂಗ್ ಇದ್ದಾಗ ಫ್ಯೂಸ್ ಹೋಗುತ್ತದೆ ಅಥವಾ ಎಂಸಿಬಿ ಬೀಳುತ್ತದೆ. ಅದಿಲ್ಲದಿದ್ದರೆ ಡಬ್ಬಿ ಮುಟ್ಟಿದವರ ಮೈಯೇ ಕರೆಂಟಿಗೆ ದಾರಿ. ಸದ್ದು ಕಿವಿಗೆ ಕಿರಿಕಿರಿ, ಶಾಕ್ ಪ್ರಾಣಕ್ಕೇ ಕುತ್ತು.

ಸದ್ದಿನ ಮೂಲ ಹಲವು ಸಲ ಗ್ರೌಂಡ್ ಲೂಪ್. ಆಂಪ್ಲಿಫೈಯರ್‌ಗೆ ಮನೆಯ ಅರ್ಥಿಂಗ್ ಇರುತ್ತದೆ. ಕೇಬಲ್ ಟಿವಿ ವೈರಿನ ಹೊರಜಾಲರಿ ಬೇರೆಲ್ಲೋ ನೆಲಕ್ಕೆ ಸೇರಿರುತ್ತದೆ. ಇವೆರಡರ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸವಿದ್ದರೂ ಸಾಕು, ಆಡಿಯೊ ವೈರಿನ ಜಾಲರಿಯಲ್ಲಿ ಕರೆಂಟ್ ಹರಿಯುತ್ತದೆ. ನಮ್ಮ ವಿದ್ಯುತ್ 50 ಹರ್ಟ್ಸ್. ಹಾಗಾಗಿ 50, 100 ಹರ್ಟ್ಸ್‌ನ ಗುಂಯ್‌ಕಾರ ಕೇಳುತ್ತದೆ.

ದುಡ್ಡು ಖರ್ಚು ಮಾಡುವ ಮೊದಲು ಕಳ್ಳನನ್ನು ಹಿಡಿಯೋಣ. ವಾಲ್ಯೂಮ್ ತಗ್ಗಿಸಿ ಕೇಬಲ್ ಟಿವಿ ವೈರ್ ಬಿಚ್ಚಿ ನೋಡಿ. ಲ್ಯಾಪ್‌ಟಾಪ್ ಇದ್ದರೆ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ಲೂಪ್ ಅಲ್ಲಿದೆ. ಎಲ್ಲ ಉಪಕರಣಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೂ ಕೆಲವೊಮ್ಮೆ ಸದ್ದು ತಗ್ಗುತ್ತದೆ.

ಆಗಲೂ ಹೋಗದಿದ್ದರೆ ಆಡಿಯೊ ವೈರಿನ ನಡುವೆ 1:1 ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಅದರ ಎರಡು ಸುರುಳಿಗಳ ನಡುವೆ ವೈರಿನ ಸಂಬಂಧವಿಲ್ಲ, ಕಾಂತಕ್ಷೇತ್ರದ ಸಂಬಂಧ ಮಾತ್ರ. ಹಾಡು ದಾಟುತ್ತದೆ, ಲೂಪ್ ಕಡಿಯುತ್ತದೆ, ಅರ್ಥಿಂಗ್ ಹಾಗೇ ಉಳಿಯುತ್ತದೆ. ತೀರಾ ಅಗ್ಗದ್ದು ಬೇಡ. ಕೋರ್ ಚಿಕ್ಕದಾದರೆ ತಗ್ಗಿನ ಸ್ವರಗಳು ಕೆಡುತ್ತವೆ.

ಕರೆಂಟ್ ಲೈನಿಗೆ ಹಾಕುವ ಭಾರದ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇರೆ. ಮೋಟರ್, ಡಿಮ್ಮರ್‌ಗಳಿಂದ ಲೈನಿನಲ್ಲಿ ಬರುವ ಚರಪರ ಸದ್ದನ್ನು ಅದು ತಗ್ಗಿಸಬಲ್ಲದು. ಆದರೆ ಸುರಕ್ಷತೆಗಾಗಿ ಅರ್ಥಿಂಗ್ ವೈರನ್ನು ಅದರಾಚೆಗೂ ನೇರವಾಗಿ ಒಯ್ದಿದ್ದರೆ ಲೂಪ್ ಇದ್ದಲ್ಲೇ ಇರುತ್ತದೆ. ರೋಗ ತಿಳಿಯದೆ ಮದ್ದು ತಂದರೆ ಜೇಬಷ್ಟೇ ಹಗುರ.

ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವವನ್ನು ನಾವು ಸೆಮಿಸ್ಟರ್ ಪರೀಕ್ಷೆಗೆ ಉರು ಹೊಡೆಯುತ್ತೇವೆ. ಸುರುಳಿಗಳ ಅನುಪಾತದ ಲೆಕ್ಕ ಮಾಡುತ್ತೇವೆ. 1:1 ಬಂದರೆ ‘ವೋಲ್ಟೇಜೇ ಬದಲಾಗಲ್ಲ, ಇದೇನು ಪ್ರಯೋಜನ?’ ಎಂದು ಪುಟ ತಿರುವುತ್ತೇವೆ. ಬದಲಾಯಿಸದೆ ಬೇರ್ಪಡಿಸುವುದೇ ಅದರ ಪ್ರಯೋಜನ ಎಂಬುದು ಅಂಕಪಟ್ಟಿಯಲ್ಲಿ ಬರುವುದಿಲ್ಲ, ಮನೆಯ ಸ್ಪೀಕರ್‌ನಲ್ಲಿ ಕೇಳುತ್ತದೆ.

ಗೆಳೆಯರೇ, ‘ಎಂಜಿನಿಯರಿಂಗ್ ಓದಾಕತ್ತಿಯಲ್ಲ, ಇದೊಂದ್ ನೋಡಪಾ’ ಎಂದು ಮನೆಯವರು, ನೆರೆಯವರು ಕರೆಯುವುದು ನಮ್ಮನ್ನೇ. ಅವರು ನಂಬುವುದು ನಮ್ಮ ಓದನ್ನು. ಆ ಹೊತ್ತಿನಲ್ಲಿ ಇಕ್ಕಳ ಹಿಡಿದು ಪಿನ್ ಕೀಳಲು ಹೋಗದೆ, ಸದ್ದು ಎಲ್ಲಿಂದ ಬಂತೆಂದು ಹುಡುಕೋಣ. ಕಿತ್ತ ಪಿನ್ ಕಂಡರೆ ಮೊದಲು ಆ ಪ್ಲಗ್ ಬದಲಾಯಿಸೋಣ.