ಮಾತಿನ ಚಿಕಿತ್ಸೆ ನಮ್ಮ ದವಾಖಾನೆಗೆ ಬರುವುದು ಯಾವಾಗ?



ಆಜರಾ ದಾಟಿ ಅಂಬೋಲಿ ಘಾಟ ಇಳಿದರೆ ಗೋವಾ. ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಒಂದು ಸಂಶೋಧನೆ 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಡಾ. ವಿಕ್ರಮ ಪಟೇಲ ಹಾಗೂ ‘ಸಂಗತ್’ ಸಂಸ್ಥೆಯವರು ತೀವ್ರ ಖಿನ್ನತೆಯ 495 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಡಾಕ್ಟರರ ಚಿಕಿತ್ಸೆ ಮಾತ್ರ. ಇನ್ನೊಂದಕ್ಕೆ ಅದರ ಜೊತೆಗೆ 6ರಿಂದ 8 ಸಲ ಕೂತು ಮಾತಾಡುವ ಚಿಕಿತ್ಸೆ: ಬಿಟ್ಟುಹೋದ ಕೆಲಸ, ಜನರ ಒಡನಾಟ ಇವನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ಹಿಡಿಯುವಂತೆ ಮಾಡುವುದು. ಮಾತಾಡಿಸಿದವರು ಡಾಕ್ಟರರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಮೂರು ತಿಂಗಳ ಬಳಿಕ ಮೊದಲ ಗುಂಪಿನಲ್ಲಿ ನೂರಕ್ಕೆ 39, ಎರಡನೆಯದರಲ್ಲಿ 64 ಜನರ ಖಿನ್ನತೆ ಹತೋಟಿಗೆ ಬಂದಿತ್ತು.

ಇಷ್ಟು ಸಿದ್ಧವಾಗಿದ್ದರೂ ಜನರಿಗೆ ಮುಟ್ಟಿದ್ದು ಕಡಿಮೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ ಖಿನ್ನತೆಯುಳ್ಳ ನೂರು ಜನರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸಂಶೋಧನೆಯಲ್ಲಿ ಆಪ್ತಸಲಹೆಗಾರರ ಮಾತುಕತೆಯನ್ನು ಧ್ವನಿಮುದ್ರಿಸಿ, ಜೊತೆಯವರು ಕೇಳಿ ತಿದ್ದುತ್ತಿದ್ದರು. ದಿನನಿತ್ಯದ ದವಾಖಾನೆಯಲ್ಲಿ ಹೊರಗೆ ಪಾಳಿ, ಒಳಗೆ ಎರಡು ನಿಮಿಷ. ಬಂದವರೂ ಮನಸ್ಸಿನ ಮಾತು ಎತ್ತುವುದಿಲ್ಲ. ನಿದ್ದೆ ಇಲ್ಲ, ಎದೆ ಭಾರ, ಕೈಕಾಲು ಸೆಳೆತ ಎನ್ನುತ್ತಾರೆ. ಗುಳಿಗೆ ಬರೆದುಕೊಟ್ಟು ಕಳಿಸುತ್ತಾರೆ. ಇದು ಡಾಕ್ಟರರ ತಪ್ಪೆಂದು ನಾವು ಹೇಳುತ್ತಿಲ್ಲ. ಕೂತು ಕೇಳುವವರನ್ನೇ ಅಲ್ಲಿ ನೇಮಿಸಿಲ್ಲ.

ಗಡಿಭಾಗದ ನಮಗೆ ಇನ್ನೊಂದು ತೊಡಕಿದೆ. ಉತ್ತೂರ, ಗಡಹಿಂಗ್ಲಜ, ಇಚಲಕರಂಜಿಯ ನಮ್ಮ ಹಿರಿಯರು ಜ್ವರ, ಕೆಮ್ಮನ್ನು ಮರಾಠಿಯಲ್ಲಿ ಹೇಳಬಲ್ಲರು. ಆದರೆ ಸಾಲದ ಚಿಂತೆ, ಮನೆಯೊಳಗಿನ ಸಂಕಟ, ತೀರಿಹೋದವರ ನೆನಪು ಇವೆಲ್ಲ ಮನೆಮಾತಿನಲ್ಲೇ ಹೊರಬರಬೇಕು. ಗುಳಿಗೆ ಕೊಡಲು ಭಾಷೆ ಅಡ್ಡಬರಲಿಕ್ಕಿಲ್ಲ. ಮಾತಿನ ಚಿಕಿತ್ಸೆಗೆ ಭಾಷೆಯೇ ಬೇಕು.

ಸದ್ಯಕ್ಕೆ ಒಂದು ದಾರಿ ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲು-ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಈ ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ ಬರೆದಿಡಿ.

ಆದರೆ ಫೋನಿನಿಂದಲೇ ಎಲ್ಲ ಆಗುವುದಿಲ್ಲ. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಆಪ್ತಸಲಹೆಯ ತರಬೇತಿ ಕೊಡುವಾಗ ಕನ್ನಡ ಬಲ್ಲವರನ್ನೂ ಸೇರಿಸಬೇಕೆಂದು ಮನವಿ ಕೊಡುವ ವಿಚಾರವಿದೆ. ಮುಂದಿನ ಸಭೆಯಲ್ಲಿ ಚರ್ಚಿಸೋಣ. ತರಬೇತಿಗೆ ಮನಸ್ಸಿರುವ ಸದಸ್ಯರು, ಅದರಲ್ಲೂ ಮಹಿಳೆಯರು, ಹೆಸರು ತಿಳಿಸಬೇಕಾಗಿ ವಿನಂತಿ.

– ಕಾರ್ಯದರ್ಶಿ